ಎಡಗಡೆ ಸ್ವಲ್ಪ ಡೌನು

ಮೆಜೆಸ್ಟಿಕ್ಕಿನ ಥಿಯೇಟರೊಂದರಲ್ಲಿ ಇಂಗ್ಲಿಷ್ ಯುದ್ಧದ ಸಿನಿಮಾ ನೋಡುತ್ತಿದ್ದಾಗ ನಮ್ಮ ಯಜಮಾನರಿಗೆ ಜ್ಞಾನೋದಯವಾಯಿತು. ಬೇರೆಯವರಿಗೆ ಮರದ ಕೆಳಗೆ ಆಗುವಂಥದ್ದು ಇವರಿಗೆ ಬಾಲ್ಕನಿಯ ಎಡತುದಿಯ ಸೀಟಿನಲ್ಲಿ ಆಯಿತು. ಯಾವ ಥಿಯೇಟರಿಗೆ ಹೋದರೂ ಇವರಿಗೆ ಎಡತುದಿಯ ಸೀಟೇ ಆಗಬೇಕು. ಮದುವೆಯಾದ ಮೇಲೆ ನಾನು ನೋಡಿದ ಅಷ್ಟೂ ನಾಯಕಿಯರ ಮೂಗು ನನ್ನ ಪಾಲಿಗೆ ಸೊಟ್ಟಗೇ ಇತ್ತು.

ತೆರೆಯ ಮೇಲೆ ಹೆಲಿಕಾಪ್ಟರೊಂದು ಬಂತು. ಅದರ ಸದ್ದು ಮುಂದಿನಿಂದ ಶುರುವಾಗಿ, ನಮ್ಮ ನೆತ್ತಿಯ ಮೇಲೆ ಹಾದು, ಹಿಂದಿನ ಗೋಡೆಯೊಳಗೆ ಹೋಗಿ ಮುಳುಗಿತು. ಹೊರಗೆ ಬಂದ ಮೇಲೂ ಇವರು ಮನುಷ್ಯಲೋಕಕ್ಕೆ ಇಳಿದಿರಲಿಲ್ಲ.

"ತಲೆ ಮೇಲೇ ಹೋಯ್ತಲ್ಲೇ! ನಾನು ಬಗ್ಗೇಬಿಟ್ಟೆ."

"ನೋಡ್ದೆ. ಕಡ್ಲೆಕಾಯಿ ಪೊಟ್ಟಣ ಎಲ್ಲಾ ಮುಂದಿನ ಸೀಟಿನವರ ಮೇಲೆ ಬಿತ್ತು."

"ಇದು ನಮ್ಮನೇಲೂ ಆಗ್ಬೇಕು ಕಣೇ."

ಕಡ್ಲೆಕಾಯಿ ಬೀಳುವುದೋ ಎಂದು ಕೇಳಿದೆ. ಇವರು ಉತ್ತರ ಕೊಡಲಿಲ್ಲ. ಇವರು ನನಗೆ ಉತ್ತರ ಕೊಡದಿರುವುದು ಹೊಸದೇನೂ ಆಗಿರಲಿಲ್ಲ.

ಆಗ ನಾವು ಬಸವೇಶ್ವರನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಹಾಲು ಎಂದು ಓನರು ಕರೆಯುತ್ತಿದ್ದ ಜಾಗದಲ್ಲಿ ಒಂದು ಟೀವಿ, ಬೆತ್ತದ ಕುರ್ಚಿಗಳು, ಅತ್ತೆಯವರ ಮಂಚ ಇದ್ದವು. ಅತ್ತೆ ಮಂಚದಿಂದ ಕಾಲಿಳಿಸಿದರೆ ಟೀವಿ ನೋಡುವವರು ಕಾಲು ಮಡಚಿಕೊಳ್ಳಬೇಕು. ಹೆಲಿಕಾಪ್ಟರು ಇಳಿಯಬೇಕಾದದ್ದು ಇಲ್ಲಿ.

ಇವರು ರಾಜಾಜಿನಗರದ ಕಡೆಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್. ಪ್ರೆಸ್ ಎಂದರೆ ಪತ್ರಿಕೆ ಅಲ್ಲ. ಕಬ್ಬಿಣದ ತಗಡನ್ನು ಧಡ್ ಎಂದು ಗುದ್ದಿ ಆಕಾರಕ್ಕೆ ತರುವ ಆನೆಗಾತ್ರದ ಮೆಷೀನು. ಅಂಥವು ಸಾಲಾಗಿ ನಿಂತು ಬೆಳಗಿನಿಂದ ಸಂಜೆಯವರೆಗೆ ಗುದ್ದುತ್ತಿದ್ದವು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್. ಲೈನಿನಲ್ಲಿ ಸಣ್ಣ ಗೊರಗೊರ ಬಂದರೂ ಅದು ಯಾವ ಊರಿನ ತೊಂದರೆ ಎಂದು ಹೇಳಬಲ್ಲೆ ಎಂಬ ಹೆಸರು ನನಗಿತ್ತು. ಈ ಹೆಸರು ಮುಂದೆ ನನ್ನ ಮಾನ ಕಳೆಯಿತು. ದಿನವಿಡೀ ಊರವರ ಮಾತು ಕಿವಿಗೆ ತುಂಬಿಕೊಂಡು ಬರುವ ನನಗೆ ಮನೆಯಲ್ಲಿ ಸದ್ದೇ ಬೇಡ. ದಿನವಿಡೀ ಗುದ್ದು ಕೇಳಿ ಬರುವ ಇವರಿಗೆ ಅದು ಸಾಲದೆ ಇನ್ನೂ ಸ್ವಲ್ಪ ಬೇಕಿತ್ತು.

ಬೇಕಾದದ್ದು ಏನು ಎಂಬುದನ್ನು ಇವರು ವಾರವಿಡೀ ಊಟದ ಹೊತ್ತಿನಲ್ಲಿ ವಿವರಿಸಿದರು. ಮುಂದೆ ಎರಡು ಸ್ಪೀಕರ್, ಹಿಂದೆ ಎರಡು ಸ್ಪೀಕರ್, ನಾಲ್ಕನ್ನೂ ಎತ್ತಿ ಹಿಡಿಯುವ ಒಂದು ಆಂಪ್ಲಿಫೈಯರ್. ಅದಕ್ಕೆ ಟೀವಿ, ಟೇಪು, ಬಾಡಿಗೆಗೆ ತಂದ ವಿ.ಸಿ.ಆರ್. ಯಾವುದನ್ನು ಬೇಕಾದರೂ ಜೋಡಿಸಬಹುದು. ಫಾರಿನ್ನಿನದು ಕೈಗೆಟುಕುವುದಿಲ್ಲ, ಆದರೆ ಅದಕ್ಕೆ ಕಮ್ಮಿ ಇರಬಾರದು. ಕೈಗೆಟುಕುವಂಥ ಐಶ್ವರ್ಯ ಬೇಕು ಎಂದರೆ ದೇವರೂ ಸ್ವಲ್ಪ ಯೋಚಿಸುತ್ತಾನೆ. ಎಲೆಕ್ಟ್ರಾನಿಕ್ ಸಾಮಾನು ಮಾರುವ ಎಸ್.ಪಿ. ರಸ್ತೆಯವರು ಯೋಚಿಸುವುದಿಲ್ಲ, "ಇದೆ ಸಾರ್, ಬನ್ನಿ" ಎನ್ನುತ್ತಾರೆ.

ಮೊದಲು ಹೋದದ್ದು ರಾಜಾಜಿನಗರದ ಒಂದು ಶೋರೂಮಿಗೆ. ಟೈ ಕಟ್ಟಿದ್ದ ಸೇಲ್ಸ್‌ಮನ್ ನಮ್ಮನ್ನು ಎರಡು ದೊಡ್ಡ ಸ್ಪೀಕರುಗಳ ನಡುವೆ ಕೂರಿಸಿ, ಸ್ಟೀರಿಯೋ ಎಂದರೇನು ಎಂದು ತೋರಿಸಲೆಂದೇ ಇಟ್ಟುಕೊಂಡಿದ್ದ ಕ್ಯಾಸೆಟ್ ಹಾಕಿದ. ಎಡಗಡೆಯಿಂದ ರೈಲು ಬಂತು, ನಮ್ಮ ಮಧ್ಯೆ ಹಾದು ಬಲಗಡೆಗೆ ಹೊರಟುಹೋಯಿತು.

"ಹೇಗಿದೆ ಸಾರ್?"

ಇವರು ಕಣ್ಣು ಮುಚ್ಚಿಕೊಂಡಿದ್ದರು. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನವರು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ. ತೆರೆದು, "ಎಡಗಡೆ ಸ್ವಲ್ಪ ಡೌನು" ಎಂದರು.

ಸೇಲ್ಸ್‌ಮನ್ ಬ್ಯಾಲೆನ್ಸ್ ನಾಬನ್ನು ಒಂದಿಷ್ಟು ತಿರುಗಿಸಿದ. "ಈಗ ಸಾರ್?"

"ಈಗ ಪರವಾಗಿಲ್ಲ. ಆದ್ರೆ ಹೊಸಾ ಪೀಸಿಗೆ ನಾಬು ಯಾಕ್ರೀ ತಿರುಗಿಸ್ಬೇಕು? ಮಧ್ಯದಲ್ಲಿದ್ದಾಗ ಎರಡೂ ಕಡೆ ಸಮ ಬರ್ಬೇಕು ತಾನೆ?"

ಸೇಲ್ಸ್‌ಮನ್ ತನ್ನ ಟೈ ಸರಿಮಾಡಿಕೊಂಡ. ನಾವು ಗೆದ್ದವರಂತೆ ಎದ್ದು ಬಂದೆವು.

ಎಸ್.ಪಿ. ರಸ್ತೆಯ ಅಂಗಡಿಯವನಿಗೆ ಟೈ ಇರಲಿಲ್ಲ, ತಾಳ್ಮೆ ಇತ್ತು. ಎಡಗಡೆ ಡೌನು ಎಂದಾಗ ಅವನು ವೈರುಗಳನ್ನು ಅದಲುಬದಲು ಮಾಡಿದ. ಎಡಗಡೆಯೇ ಡೌನು. ಸ್ಪೀಕರನ್ನೇ ಬದಲಿಸಿದ. ಎಡಗಡೆಯೇ ಡೌನು. ಬೇರೆ ಆಂಪ್ಲಿಫೈಯರ್ ತಂದಿಟ್ಟ. ಅದಕ್ಕೂ ಎಡಗಡೆಯೇ ಡೌನು. ಇಷ್ಟಾದ ಮೇಲೆ ಬುದ್ಧಿಯಿದ್ದ ಯಾರಿಗಾದರೂ ಏನಾದರೂ ಹೊಳೆಯಬೇಕಿತ್ತು. ಅಂಗಡಿಯವನಿಗೆ ಹೊಳೆದದ್ದು ಬೇರೆ.

"ಆ ಕಡೆ ಗೋಣಿಚೀಲ ಒಟ್ಟಿದೀವಲ್ಲ ಸಾರ್, ಸೌಂಡನ್ನ ಅದು ಕುಡಿದುಬಿಡುತ್ತೆ. ಎಷ್ಟೋ ಜನ ಬರ್ತಾರೆ, ಯಾರೂ ಇದನ್ನ ಗುರುತಿಸಿರ್ಲಿಲ್ಲ. ನಿಮ್ಮದು ಕಿವಿ ಅಂದ್ರೆ ಕಿವಿ ಸಾರ್!"

ಈ ಹೊಗಳಿಕೆ ಮನೆಯವರೆಗೂ ನಮ್ಮ ಜೊತೆ ಸ್ಕೂಟರಿನಲ್ಲಿ ಬಂತು. ಅವತ್ತಿನಿಂದ ಇವರು ಊಟದ ಮಧ್ಯೆ ಕೈ ಎತ್ತಿ, "ಶ್... ಬಲ್ಬು ಗುಂಯ್ ಅಂತಿದೆ" ಎನ್ನತೊಡಗಿದರು. ಅತ್ತೆ ಮಗನನ್ನು ಹೆಮ್ಮೆಯಿಂದ ನೋಡುತ್ತಿದ್ದರು.

ಮೂರನೆಯವನು ವಿಜಯನಗರದಲ್ಲಿದ್ದ. ಗಲ್ಫಿನಿಂದ ಮರಳಿದ್ದ ಆತ ಜಪಾನಿನ ಸ್ಟೀರಿಯೋ ರಿಸೀವರನ್ನು ಮಖಮಲ್ ಬಟ್ಟೆ ಹೊದಿಸಿ ಇಟ್ಟಿದ್ದ. ಮಾರಬೇಕಿತ್ತು, ಆದ್ದರಿಂದ ನಮಗೆ ಹೊಂದುವಂತೆ ಕೊಡುತ್ತೇನೆ ಎಂದಿದ್ದ. ಬಟ್ಟೆ ಸರಿಸಿ, ಬೆರಳಿನ ತುದಿಯಿಂದ ಗುಂಡಿ ಒತ್ತಿದ. ಹಸಿರು ದೀಪಗಳು ಹತ್ತಿದವು. ಇಷ್ಟು ಚಂದದ ವಸ್ತುವಿಗೆ ಇವರು ಏನೂ ಹೇಳಲಾರರು ಎಂದುಕೊಂಡೆ.

"ಎಡಗಡೆ ಡೌನು."

"ಏನ್ ಸಾರ್ ಮಾತಾಡ್ತೀರ? ಜಪಾನ್ ಪೀಸು ಇದು!"

"ಇರ್ಬಹುದು. ಜಪಾನಿನವರದ್ದೂ ಎಡಗಡೆ ಡೌನು."

ಆತ ಕೆಂಪಾದ. ಜಗಳವೇ ಆಗುತ್ತಿತ್ತೇನೋ, ಅಷ್ಟರಲ್ಲಿ ಕಾಫಿ ತಂದ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ನಾನೂ ಹೇಳ್ತಾನೇ ಇದ್ದೆ ನೋಡಿ, ಆ ಕಡೆ ಯಾಕೋ ಕಮ್ಮಿ ಅಂತ. ನನ್ನ ಮಾತು ಯಾರು ಕೇಳ್ತಾರೆ" ಎಂದುಬಿಟ್ಟಳು. ಆತ ತನ್ನ ಜಪಾನಿನ ಕಡೆಗೇ ಅನುಮಾನದಿಂದ ನೋಡಿದ. ನಾವು ಕಾಫಿ ಕುಡಿದು ಮೆಲ್ಲಗೆ ಎದ್ದೆವು.

ಹೇಳಲು ನಾಚಿಕೆಯಾಗುತ್ತದೆ, ಇಷ್ಟರಲ್ಲಿ ನನಗೂ ಎಡಗಡೆ ಡೌನೇ ಕೇಳಿಸುತ್ತಿತ್ತು. ಎಲ್ಲೋ ಗುಲ್ಬರ್ಗದ ಲೈನಿನ ಗೊರಗೊರ ಹಿಡಿಯುವ ಕಿವಿ ನನ್ನದು. ಆದರೂ ಒಬ್ಬ ಮನುಷ್ಯ ಅಷ್ಟು ಧೈರ್ಯವಾಗಿ, ಅಷ್ಟು ಸಲ, ಕಣ್ಣು ಮುಚ್ಚಿ ಹೇಳಿದರೆ ನಂಬದೆ ಇರಲು ಆಗುವುದಿಲ್ಲ. ಊರಿನಲ್ಲಿ ಎಷ್ಟೋ ಜನ ಇದನ್ನೇ ಬಂಡವಾಳ ಮಾಡಿಕೊಂಡು ದೊಡ್ಡವರಾಗಿದ್ದಾರೆ.

ಕೊನೆಗೆ ನಮ್ಮನ್ನು ಕಾಪಾಡಿದ್ದು ಕುರುಬರಹಳ್ಳಿಯ ಅಸೆಂಬ್ಲರ್. ಮನೆಯ ಮುಂದಿನ ಗ್ಯಾರೇಜಿನಲ್ಲಿ ಅರ್ಧ ಷಟರು ಎಳೆದುಕೊಂಡು, ಹೇಳಿದಂತೆ ಆಂಪ್ಲಿಫೈಯರ್ ಜೋಡಿಸಿಕೊಡುತ್ತಿದ್ದ. ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು.

"ನಾಲ್ಕು ಸ್ಪೀಕರ್ ಬೇಕು."

"ಮಾಡೋಣ ಸಾರ್."

"ಹೆಲಿಕಾಪ್ಟರ್ ತಲೆ ಮೇಲೆ ಹೋಗ್ಬೇಕು."

"ಕಳಿಸೋಣ ಸಾರ್."

"ನೋಡಿ, ಎಲ್ಲಾ ಕಂಪನಿಯದ್ದೂ ಎಡಗಡೆ ಡೌನು."

ಅವನು ಕೈಯಲ್ಲಿದ್ದ ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಕೆಳಗಿಟ್ಟು, ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿದ. "ಕಂಪನಿಯವರು ಉಳಿಸಕ್ಕೆ ಹಾಗೆ ಮಾಡ್ತಾರೆ ಸಾರ್. ನಾವು ಎಡಗಡೆಗೇ ಅಂತ ಬೇರೆ ಒಂದು ನಾಬು ಇಟ್ಬಿಡೋಣ. ಎಷ್ಟು ಬೇಕೋ ಅಷ್ಟು ಏರಿಸ್ಕೊಳಿ."

ಇವರ ಕಣ್ಣು ತೇವವಾಯಿತು ಎಂದರೆ ಸುಳ್ಳಾಗಲಾರದು. ಕೊನೆಗೂ ಒಬ್ಬ ಅರ್ಥ ಮಾಡಿಕೊಂಡಿದ್ದ.

"ಮಾಡೋಣ ಸಾರ್" ಎಂಬುದು "ಮುಗಿಯಿತು ಸಾರ್" ಆಗುವುದಕ್ಕೆ ಯುಗಾದಿಯಿಂದ ಗೌರಿಹಬ್ಬದವರೆಗೆ ಹಿಡಿಯಿತು. ಒಂದು ಶನಿವಾರ ಆಟೋದಲ್ಲಿ ಆಂಪ್ಲಿಫೈಯರ್ ಬಂತು. ಮೈಗೆ ಮರದ ಬಣ್ಣದ ಸನ್‌ಮೈಕಾ, ಎದೆಯ ಮೇಲೆ ಕುಣಿಯುವ ಕೆಂಪು ದೀಪಗಳು, ಎಡಗಡೆಯಲ್ಲಿ ಉಳಿದವಕ್ಕಿಂತ ದೊಡ್ಡದಾದ ಒಂದು ನಾಬು. ಮುಂದಿನ ಸ್ಪೀಕರುಗಳಿಗೆ ಪ್ಲೈವುಡ್ ಪೆಟ್ಟಿಗೆ ಆಗಿತ್ತು. ಹಿಂದಿನವಕ್ಕೆ ಕೈ ಬಿಗಿಹಿಡಿಯಬೇಕಾಗಿ ಬಂದದ್ದರಿಂದ ಎರಡು ಮಣ್ಣಿನ ಮಡಕೆಗಳು. ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿದರೆ ಸದ್ದು ಗುಂಡಗೆ ಬರುತ್ತದಂತೆ.

ಮಡಕೆ ನೋಡಿ ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತರು.

"ಲೋ, ಯಾರೋ ಹೋದ್ರೇನೋ?"

"ಸ್ಪೀಕರ್ ಕಣಮ್ಮ ಅದು."

"ತಲೆ ಹತ್ರ ತಂದಿಡ್ತಿದೀಯಲ್ಲೋ. ನಾನಿನ್ನೂ ಉಸಿರಾಡ್ತಾ ಇದೀನಿ."

ಬೇರೆ ಜಾಗವಿರಲಿಲ್ಲ. ಅಡುಗೆಮನೆಯ ಕಡೆಯ ಹಿಂಭಾಗದ ಮೂಲೆ ಎಂದರೆ ಅದು ಅತ್ತೆಯ ದಿಂಬಿನ ಪಕ್ಕವೇ. ಅತ್ತೆ ಗೊಣಗುತ್ತಲೇ ಎದ್ದು ಎರಡೂ ಮಡಕೆಗಳಿಗೆ ಕುಂಕುಮವಿಟ್ಟು, ಅಪಶಕುನವನ್ನು ತಮ್ಮಿಂದಾದಷ್ಟು ಸರಿಪಡಿಸಿದರು.

ಅವತ್ತು ಸಂಜೆಯೇ ಪ್ರಾರಂಭೋತ್ಸವ. ಬಾಡಿಗೆ ವಿ.ಸಿ.ಆರ್., ಅದೇ ಯುದ್ಧದ ಸಿನಿಮಾ, ಅಕ್ಕಪಕ್ಕದ ಮನೆಯವರು. ನಾನು ಬೋಂಡ ಕರಿದೆ. ಯುದ್ಧ ನೋಡುವವರಿಗೆ ಹಸಿವು ಹೆಚ್ಚು.

ಇವರು ಮಧ್ಯದ ಕುರ್ಚಿಯಲ್ಲಿ ಕೂತು ದೊಡ್ಡ ನಾಬಿನ ಮೇಲೆ ಕೈಯಿಟ್ಟರು. ಅಡುಗೆಮನೆಯ ಕಡೆ, ಎಂದರೆ ಟೀವಿಗೆ ಮುಖ ಮಾಡಿದರೆ ಎಡಗಡೆ, ಮೊದಲು ಬಂದ ಗೌರವಸ್ಥರು ಕೂತಿದ್ದರು. ಗುಂಡಿನ ಸದ್ದು ಶುರುವಾಯಿತು. ಇವರು ನಾಬು ಸ್ವಲ್ಪ ಏರಿಸಿದರು. ಎಡಗಡೆಯವರು ಮುಖ ಕಿವುಚಿದರು. ಇನ್ನೂ ಏರಿಸಿದರು. ಎಡಗಡೆಯವರು ಒಬ್ಬೊಬ್ಬರೇ ಬೋಂಡದ ತಟ್ಟೆ ಹಿಡಿದು ಕಿಟಕಿಯ ಕಡೆಗೆ ಜರುಗಿದರು. ಅತ್ತೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಮಡಕೆಗೆ ಬೆನ್ನು ಹಾಕಿದರು. ಅಡುಗೆಮನೆಯಲ್ಲಿ ಲೋಟಗಳು ತಾವಾಗಿಯೇ ಕುಣಿದವು.

"ಬಂತು!" ಎಂದು ಇವರು ಕೂಗಿದರು. "ಈಗ ನೋಡಿ, ಎರಡೂ ಕಡೆ ಸಮ ಬಂತು!"

ಅಷ್ಟರಲ್ಲಿ ಕೆಳಗಿನಿಂದ ಓನರು ಬಂದರು. ದಾವಣಗೆರೆ ಕಡೆಯವರು, ರಿಟೈರಾದ ಆಫೀಸರು, ಸಂಜೆ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ವಿಶ್ರಾಂತಿಯಲ್ಲಿದ್ದವರು.

"ಏನ್ರೀ ಇದು? ಕೆಳಗ ನಮ್ ಮಂಚ ನಡುಗ್ತೈತಲ್ರೀ!"

ಬೇರೆಯವರಾದರೆ ಕ್ಷಮೆ ಕೇಳುತ್ತಿದ್ದರು. ಇವರು ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. "ಒಂದ್ನಿಮಿಷ ಇಲ್ಲಿ ಕೂತ್ಕೊಳಿ ಸಾರ್. ಕೇಳಿ, ಎಡ ಬಲ ಹೇಗೆ ಸಮ ಇದೆ ಅಂತ."

ಓನರು ಕೂತರು. ಒಂದು ಟ್ಯಾಂಕು ಹಾದುಹೋಯಿತು. ಅವರು ಬಹಳ ಸೌಜನ್ಯದಿಂದ ಕೇಳಿದರು: "ಬಲಗಡೀದು ಇನ್ನೂ ಹಾಕಿಲ್ಲೇನ್ರೀ?"

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಜನ ಹೋದ ಮೇಲೆ, "ಅವ್ರಿಗೇನು ಗೊತ್ತು ಸ್ಟೀರಿಯೋ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಇವರು ಹಿಂದಿನ ಮಡಕೆಗಳನ್ನು ಪರೀಕ್ಷಿಸಲು ಹೊರಟರು. ದೊಡ್ಡ ನಾಬನ್ನು ಪೂರ್ತಿ ಇಳಿಸಿ, ನಾಲ್ಕೂ ಸ್ಪೀಕರಿಗೆ ಒಂದೇ ಹದ ಮಾಡಿ, ಸಣ್ಣಗೆ ಕ್ಯಾಸೆಟ್ ಹಾಕಿದರು. ಮಡಕೆಗಳನ್ನು ಸರಿಯಾಗಿ ಕೇಳಿಸಿಕೊಳ್ಳಲು ಕುರ್ಚಿಯನ್ನೇ ತಿರುಗಿಸಿ ಹಿಂದಿನ ಗೋಡೆಗೆ ಮುಖ ಮಾಡಿ ಕೂತರು. ನಾನು ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ.

"ತೆಗೀ ಅತ್ಲಾಗೆ! ಈಗ ಕಿಟಕಿ ಕಡೇದೂ ಹೋಯ್ತು" ಎಂದರು.

"ಕಿಟಕಿ ಕಡೇದು ಬಲಗಡೆ ಅಲ್ವೇನ್ರೀ? ನಿನ್ನೆವರೆಗೂ ಚೆನ್ನಾಗಿತ್ತಲ್ಲ."

"ಅದೇ ನೋಡು. ಈಗ ಅಡುಗೆಮನೆ ಕಡೇದು ಜೋರಾಗಿದೆ, ಕಿಟಕಿ ಕಡೇದು ಡೌನು. ಆ ಕುರುಬರಹಳ್ಳಿಯವನು ಏನೋ ಅದಲುಬದಲು ಮಾಡಿದಾನೆ." ಸ್ಕ್ರೂಡ್ರೈವರ್ ತರಲು ಎದ್ದರು.

ಅಕ್ಕಿಯ ಮೊರ ನನ್ನ ತೊಡೆಯ ಮೇಲೆಯೇ ಇತ್ತು. "ರೀ, ಒಂದ್ನಿಮಿಷ. ಕುರ್ಚಿ ಟೀವಿ ಕಡೆ ತಿರುಗಿಸ್ಕೊಂಡು ಕೂತ್ಕೊಳಿ."

ಕೂತರು.

"ಈಗ ಯಾವುದು ಡೌನು?"

"ಅಡುಗೆಮನೆ ಕಡೇದು. ಅರೆ!"

"ಮತ್ತೆ ಹಿಂದಕ್ಕೆ ತಿರುಗಿ."

"ಈಗ ಕಿಟಕಿ ಕಡೇದು. ಲೂಸ್ ಕಾಂಟ್ಯಾಕ್ಟ್ ಕಣೇ ಇದು."

ಮತ್ತೆ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಮಂಚದ ಮೇಲಿಂದ ಅತ್ತೆ, "ಏನೇ ಅದು, ಅವನ ಕೈಲಿ ಪ್ರದಕ್ಷಿಣೆ ಹಾಕಿಸ್ತಿದೀಯಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಟೈ ಕಟ್ಟಿದವನು, ಗೋಣಿಚೀಲದವನು, ಪಾಪದ ಜಪಾನು, ಎಲ್ಲರೂ ಕಣ್ಣ ಮುಂದೆ ಬಂದರು. ನಾನು ಯಾಕೆ ನಗುತ್ತಿದ್ದೇನೆಂದು ತಿಳಿಯದೆ ಇವರು ನನ್ನನ್ನೇ ನೋಡುತ್ತಿದ್ದರು. ತಲೆಯನ್ನು ಸ್ವಲ್ಪ ಓರೆ ಮಾಡಿ, ಬಲಗಿವಿಯನ್ನು ನನ್ನ ಕಡೆ ಕೊಟ್ಟು. ಇವರು ಯಾವಾಗಲೂ ಹಾಗೆಯೇ ನೋಡುತ್ತಿದ್ದರು. ಅದನ್ನು ನಾನು ಗತ್ತು ಎಂದುಕೊಂಡಿದ್ದೆ.

ನಗು ನಿಂತಿತು. ನನ್ನ ಕೈಗಡಿಯಾರ ಬಿಚ್ಚಿ ಇವರ ಹಿಂದೆ ಹೋಗಿ ಬಲಗಿವಿಗೆ ಹಿಡಿದೆ.

"ಕೇಳಿಸ್ತಾ?"

"ಟಿಕ್ ಟಿಕ್ ಅಂತಿದೆ. ಏನಾಟ ಇದು?"

ಎಡಗಿವಿಗೆ ಹಿಡಿದೆ. ಇವರು ಸ್ವಲ್ಪ ಕಾದರು.

"ನಿಂತೋಗಿದೆ ಕಣೇ. ಕೀ ಕೊಟ್ಟಿಲ್ವಾ?"

ಆಮೇಲೆ ನಾನು ಏನು ಹೇಳಿದೆನೋ ನೆನಪಿಲ್ಲ. ಇವರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಗಡಿಯಾರ ಹಳೆಯದು ಎಂದರು. ನೆಗಡಿ ಎಂದರು. ಕಿವಿಯಲ್ಲಿ ಗುಗ್ಗೆ ಇರಬಹುದು ಎಂದು ಎಣ್ಣೆ ಬಿಡಿಸಿಕೊಂಡರು. ಅತ್ತೆ ಎಣ್ಣೆ ಬಿಡುತ್ತಾ, "ಕರೆದ್ರೆ ಓ ಅನ್ನಲ್ಲ, ಅಪ್ಪನ ಹಾಗೇ ಅಂತ ಅಂದ್ಕೊಂಡಿದ್ದೆನಲ್ಲೋ" ಎಂದರು. ಮಾವನವರು ಬೇಕೆಂದೇ ಓಗೊಡುತ್ತಿರಲಿಲ್ಲವಂತೆ.

ಕಿವಿ ಡಾಕ್ಟರ ಬಳಿ ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗ ಬೆರಳೆತ್ತಬೇಕು. ಬಲಗಡೆಯದಕ್ಕೆ ಇವರು ಶಾಲೆಯ ಜಾಣರಂತೆ ಬೆರಳೆತ್ತುತ್ತಾ ಹೋದರು. ಎಡಗಡೆಯದು ಶುರುವಾದಾಗ ಸುಮ್ಮನೆ ಕೂತರು. ಬಹಳ ಹೊತ್ತು ಕೂತ ಮೇಲೆ ಕೋಣೆಯ ಬಾಗಿಲು ತೆರೆದು, "ಡಾಕ್ಟ್ರೇ, ಇದರದ್ದೂ ಎಡಗಡೆ ಡೌನಿದೆ" ಎಂದರು. ಈ ಸಲ ತಾವೇ ಸ್ವಲ್ಪ ನಕ್ಕರು.

"ಎಲ್ಲಿ ಕೆಲಸ?" ಎಂದರು ಡಾಕ್ಟರು.

"ಪ್ರೆಸ್ ಶಾಪು."

"ಮೆಷೀನು ಯಾವ ಕಡೆ ಇರುತ್ತೆ?"

ಸೂಪರ್‌ವೈಸರ್ ಆಗುವ ಮೊದಲು ಇವರು ವರ್ಷಗಟ್ಟಲೆ ಮೆಷೀನಿನ ಮುಂದೆಯೇ ನಿಂತವರು. ಪಕ್ಕದ ದೊಡ್ಡ ಪ್ರೆಸ್ಸು ಎಲ್ಲಿತ್ತೆಂದು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರು. ಎಡಗೈ ತಾನಾಗಿಯೇ ಎದ್ದಿತು.

"ಹೋಗಿದ್ದು ವಾಪಸ್ ಬರಲ್ಲ" ಎಂದರು ಡಾಕ್ಟರು. "ಇರೋದನ್ನ ಕಾಪಾಡ್ಕೊಳಿ. ಅಲ್ಲಿ ನಿಲ್ಲುವಾಗ ಕಿವಿಗೆ ಏನಾದರೂ ಇಟ್ಕೊಳಿ."

ವಾಪಸು ಸ್ಕೂಟರಿನಲ್ಲೇ ಹೊರಟೆವು. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಇವರು ಕತ್ತು ತಿರುಗಿಸಿ, "ಏನಾದ್ರೂ ಹೇಳ್ತಿದೀಯಾ?" ಎಂದರು.

"ಇಲ್ಲ."

"ನೀನು ಸ್ಕೂಟರ್ ಮೇಲೆ ಯಾವಾಗ್ಲೂ ಸುಮ್ನೇ ಕೂತಿರ್ತೀಯಲ್ಲ. ಎಷ್ಟು ಗಂಭೀರ ನೀನು ಅಂತ ನಂಗೆ ಒಂಥರಾ ಖುಷಿ."

ಸೀರೆಯುಟ್ಟ ಹೆಂಗಸು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತರೆ ಅವಳ ಬಾಯಿ ಗಂಡನ ಎಡಗಿವಿಯ ಹತ್ತಿರ ಬರುತ್ತದೆ. ಮದುವೆಯಾದಾಗಿನಿಂದ ನಾನು ಆ ಸೀಟಿನಲ್ಲಿ ಬಾಯಿ ಮುಚ್ಚಿದ್ದೇ ಇಲ್ಲ. ಇವರ ಅಕ್ಕನ ಬಗ್ಗೆ, ನನ್ನ ತವರಿಗೆ ಆದ ಅವಮಾನದ ಬಗ್ಗೆ, ಸೈಟು ತೆಗೆದುಕೊಳ್ಳದೆ ಬಿಟ್ಟ ಇವರ ದಡ್ಡತನದ ಬಗ್ಗೆ, ಎಲ್ಲ ಮುಖ್ಯ ವಿಚಾರಗಳನ್ನೂ ಆ ಕಿವಿಗೇ ಹೇಳಿದ್ದೆ. ಎಷ್ಟು ಅಂದರೂ ತಿರುಗಿ ಒಂದು ಮಾತಾಡುವುದಿಲ್ಲ, ಎಂಥ ಸಹನೆಯ ಮನುಷ್ಯ ಎಂದು ನಾನು ಎಕ್ಸ್‌ಚೇಂಜಿನಲ್ಲಿ ಗೆಳತಿಯರ ಮುಂದೆ ಹೊಗಳಿದ್ದೆ. ಹೀಗೆ ಒಬ್ಬರ ಮೇಲೊಬ್ಬರಿಗೆ ಅಪಾರ ಗೌರವವಿಟ್ಟುಕೊಂಡು ನಮ್ಮ ಸಂಸಾರ ಸಾಗಿತ್ತು.

ಇವರು ಕಾರ್ಖಾನೆಯಲ್ಲಿ ಮೊದಲು ಯಾರಿಗೂ ಹೇಳಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರೆ, "ಏನ್ ಸಾರ್, ಬಾಣಂತಿ ಥರ" ಎಂದು ಹುಡುಗರು ನಕ್ಕರಂತೆ. ಆದರೆ ನಂತರದ ಭಾನುವಾರ ಪ್ರೆಸ್ ಶಾಪಿನ ಒಬ್ಬ ಹಳೆಯ ಆಪರೇಟರನ್ನು ಸ್ಟೀರಿಯೋ ಕೇಳಿಸುತ್ತೇನೆಂದು ಮನೆಗೆ ಕರೆತಂದರು. ಮಧ್ಯದ ಕುರ್ಚಿಯಲ್ಲಿ ಕೂರಿಸಿ, ಸಣ್ಣಗೆ ಕ್ಯಾಸೆಟ್ ಹಾಕಿ, "ಯಾವ ಕಡೆ ಡೌನು ಹೇಳಿ" ಎಂದರು. ಆತ ಬಲಗಡೆ ಎಂದ. ಕುರ್ಚಿ ತಿರುಗಿಸಿದರು. ಆಗಲೂ ಬಲಗಡೆ ಎಂದ. ವಿಷಯ ಹೇಳಿದಾಗ ಆತ ಎದುರಿಗಿದ್ದ ಮಡಕೆಗಳನ್ನು ನೋಡಿ, "ವಯಸ್ಸಾಯ್ತಲ್ಲ ಸಾರ್" ಎಂದು ಕಾಫಿ ಕುಡಿಯದೆ ಹೋದ.

ಆಮೇಲೆ ಭಾನುವಾರ ಭಾನುವಾರ ಜನ ಬಂದರು. ಹೆಲಿಕಾಪ್ಟರಿಗಾಗಿ ತಂದ ಆಂಪ್ಲಿಫೈಯರು ಕಿವಿಯ ಆಸ್ಪತ್ರೆಯಾಯಿತು. ಕೆಲವರಿಗೆ ಎರಡೂ ಸರಿಯಿತ್ತು, ಅವರು ಬೋಂಡ ತಿಂದು ಹಾಡು ಕೇಳಿ ಹೋದರು. ಕೆಲವರು ಸರಿಯಿದೆ ಎಂದು ಸುಳ್ಳು ಹೇಳಿದರು. ಸುಳ್ಳು ಹೇಳಿದವರು ಗೊತ್ತಾಗುತ್ತಿದ್ದರು; ಯಾಕೆಂದರೆ ನಮ್ಮ ಯಜಮಾನರು ಒಂದು ಕಡೆಯ ತಂತಿಯನ್ನೇ ಕಿತ್ತಿಟ್ಟು ಕೇಳುತ್ತಿದ್ದರು.

ಒಂದು ಸಲ ಬ್ಯಾಡರಹಳ್ಳಿಯಿಂದ ಒಬ್ಬ ಬಂದ. ಮೂವತ್ತು ದಾಟಿರದ ಆಪರೇಟರ್, ಜೊತೆಗೆ ಅವನ ಹೆಂಡತಿ. ಕುರ್ಚಿಯಲ್ಲಿ ಕೂತು, ತಲೆ ಬಾಚಿಕೊಂಡು, ಫೋಟೋಕ್ಕೆ ಕೂತವನಂತೆ ಸಿದ್ಧನಾದ. ಇವರು ಕ್ಯಾಸೆಟ್ ಹಾಕಿದರು. ಹಾಡು ಶುರುವಾಯಿತು. ಎಲ್ಲರಿಗೂ ಕೇಳಿಸುತ್ತಿತ್ತು. ಅವನು ನಗುಮುಖದಿಂದಲೇ ಕಾಯುತ್ತಾ ಕೂತಿದ್ದ.

"ಇನ್ನೂ ಹಾಕಿಲ್ವಾ ಸಾರ್?" ಎಂದ.

ಇವರು ಎಲ್ಲ ನಾಬುಗಳನ್ನೂ ಮೆಲ್ಲಗೆ ಏರಿಸುತ್ತಾ ಹೋದರು. ಅತ್ತೆ ಕಿವಿಗೆ ಸೆರಗು ಸುತ್ತುವ ಹಂತಕ್ಕೆ ಬಂದಾಗ ಅವನು, "ಹಾಂ, ಬಂತು ಬಂತು. ಚೆನ್ನಾಗಿದೆ ಸಾರ್" ಎಂದ. ಕೆಳಗಿನಿಂದ ಓನರು ಮೆಟ್ಟಿಲು ಹತ್ತಿ ಬಂದರು, ಬಾಗಿಲಲ್ಲಿ ನಿಂತು ಒಳಗಿದ್ದವರ ಮುಖ ನೋಡಿದರು, ಹಾಗೆಯೇ ಇಳಿದುಹೋದರು.

ಅವನ ಹೆಂಡತಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಅವಳು ಗೋಡೆಗೆ ಒರಗಿ ನಿಂತು, "ಕೂಗಿ ಕೂಗಿ ಮಾತಾಡ್ತೀನಲ್ಲ ಅಕ್ಕಾ, ಬೀದಿಯವರೆಲ್ಲ ನಾನೇ ಬಜಾರಿ ಅಂತಾರೆ. ನಮ್ಮತ್ತೇನೂ ಹಾಗೇ ಅಂತಾರೆ" ಎಂದಳು. ಬಂದಾಗಿನಿಂದ ಅವಳು ನನ್ನೊಂದಿಗೂ ಕೂಗಿಯೇ ಮಾತಾಡುತ್ತಿದ್ದಳು. ಈ ಮಾತನ್ನು ಮಾತ್ರ ಮೆಲ್ಲಗೆ ಹೇಳಿದಳು.

ಅವತ್ತಿನ ಮೇಲೆ ಇವರು ಬದಲಾದರು. ಆಪರೇಟರುಗಳನ್ನು ಕಟ್ಟಿಕೊಂಡು ಮೇಲಿನವರ ಬಳಿ ಹೋದರು. ಪ್ರೆಸ್ ಅಂದ ಮೇಲೆ ಸದ್ದು ಬರದೆ ಸಂಗೀತ ಬರುತ್ತದೆಯೇ ಎಂದು ಮೇಲಿನವರು ಕೇಳಿದರು. ಮತ್ತೆ ಹೋದರು. ಆಡಳಿತ ವರ್ಗ ದೀರ್ಘವಾಗಿ ಆಲೋಚಿಸಿ, ಪ್ರೆಸ್ ಶಾಪಿನ ಬಾಗಿಲಿಗೆ "ಇಲ್ಲಿ ಶಬ್ದವಿದೆ" ಎಂದು ಬೋರ್ಡು ಹಾಕಿಸಿತು. ಗೊತ್ತಿಲ್ಲದವರಿಗೆ ಅನುಕೂಲವಾಗಲಿ ಎಂದು. ಮೂರನೆಯ ಸಲ ಹೋದದ್ದು ಮಾತಾಡಲು ಅಲ್ಲ. ಒಂದು ದಿನ ಬೆಳಗಿನ ಪಾಳಿಯವರು ಮೆಷೀನು ಶುರು ಮಾಡದೆ ಕೈ ಕಟ್ಟಿ ನಿಂತರು. ಸೂಪರ್‌ವೈಸರಾದ ಇವರು ಶುರು ಮಾಡಿ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಕಿವಿಗೆ ಇಡುವ ರಬ್ಬರಿನ ಬಿರಡೆ ಕೊಡುವುದೆಂದು, ಕಿವಿ ಕೆಟ್ಟವರನ್ನು ಬೇರೆ ಕೆಲಸಕ್ಕೆ ಹಾಕುವುದೆಂದು ಒಪ್ಪಂದವಾಯಿತು. ಬ್ಯಾಡರಹಳ್ಳಿಯವನನ್ನು ಪ್ಯಾಕಿಂಗಿಗೆ ಹಾಕಿದರು. ಇವರನ್ನು ಸ್ಟೋರ್ಸಿಗೆ ಕಳಿಸಿದರು. ಕಿವಿಗಾಗಿ ಎಂದು ಕಾಗದದಲ್ಲಿ ಬರೆದಿದ್ದರು. ಕೈ ಕಟ್ಟಿ ನಿಂತದ್ದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಇವರ ಪ್ರಮೋಶನ್ನು ಅಲ್ಲಿಗೇ ನಿಂತಿತು.

ಈ ನಡುವೆ ಕುರುಬರಹಳ್ಳಿಯ ಅಸೆಂಬ್ಲರ್ ಭರ್ಜರಿಯಾಗಿ ಬೆಳೆದ. ಎಡಗಡೆಗೆ ಬೇರೆ ನಾಬಿರುವ ಮಾಡೆಲ್ಲನ್ನು "ಸ್ಪೆಷಲ್" ಎಂದು ಮಾರಲು ಶುರುಮಾಡಿದ್ದ. ಸುತ್ತಮುತ್ತ ಕಿವಿ ಚೆನ್ನಾಗಿದ್ದವರೂ ಅದನ್ನೇ ಕೇಳಿ ಕೊಂಡುಕೊಳ್ಳುತ್ತಿದ್ದರಂತೆ. ಕೊಂಡವರಿಗೆ ನಿಜ ಹೇಳೋಣವೇ ಎಂದು ಇವರನ್ನು ಕೇಳಿದೆ. "ಬೇಡ ಬಿಡು, ಅವರಿಗೂ ಸಮ ಬಂದಿರುತ್ತೆ" ಎಂದರು.

ಸ್ಟೋರ್ಸು ಎಂದರೆ ಕಾರ್ಖಾನೆಯ ಹಿಂಬದಿಯ ಗೋಡೌನು. ನಟ್ಟು ಬೋಲ್ಟುಗಳ ನಡುವೆ ಒಂದು ಮೇಜು, ಒಂದು ಕುರ್ಚಿ. ಅಲ್ಲಿಗೆ ಹೋದ ಮೊದಲ ವಾರ ಇವರು ಮಂಕಾಗಿದ್ದರು. ನಿದ್ದೆ ಸರಿಯಿಲ್ಲ, ಊಟ ಸರಿಯಿಲ್ಲ. ಪ್ರಮೋಶನ್ನಿನ ಚಿಂತೆ ಎಂದುಕೊಂಡೆ. ಭಾನುವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಇವರ ಬಲಗಡೆ ಹೋಗಿ ಕೂತು ಕೇಳಿದೆ.

"ಅದಲ್ಲ ಕಣೇ. ಅಲ್ಲಿ ಸದ್ದೇ ಇಲ್ವಲ್ಲ, ಅದಕ್ಕೆ ಇದು ಜೋರಾಗಿದೆ."

"ಯಾವುದು?"

"ಇದೇ, ಕಿವೀಲಿ ಕೀ ಅನ್ನೋದು. ಎಡಗಡೆ. ಪ್ರೆಸ್ ಶಾಪಲ್ಲಿ ಇದ್ದಾಗ ಗೊತ್ತಾಗ್ತಿರ್ಲಿಲ್ಲ."

ನಾನೂ ಕಿವಿಗೊಟ್ಟೆ. ಹಾಲಿನಲ್ಲಿ ಫ್ಯಾನಿನ ಸದ್ದು, ಅತ್ತೆಯ ಗೊರಕೆ, ಕೆಳಗೆ ಓನರ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು. ಕೀ ಎನ್ನುವಂಥದ್ದು ಏನೂ ಇರಲಿಲ್ಲ.

"ಎಷ್ಟು ದಿನದಿಂದ ಇದೆ?"

"ಯಾವಾಗಿಂದ್ಲೂ ಇದೆಯಲ್ಲ. ಸುಮ್ನಿದ್ದಾಗ ಎಲ್ಲಾರಿಗೂ ಕೇಳಿಸುತ್ತಲ್ಲ, ಅದು." ನನ್ನ ಮುಖ ನೋಡಿದರು. "ನಿಂಗೆ ಕೇಳಿಸಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಇವರು ಎದ್ದು ಹೋಗಿ ಆಂಪ್ಲಿಫೈಯರಿನ ಸ್ವಿಚ್ಚು ಹಾಕಿ, ಯಾವುದೋ ಹಾಡನ್ನು ಅತ್ತೆಗೆ ಎಚ್ಚರವಾಗದಷ್ಟು ಸಣ್ಣಗೆ ಇಟ್ಟರು. ಹಾಡು ಇದ್ದಾಗ ಅದು ಅಷ್ಟು ಕೇಳಿಸುವುದಿಲ್ಲ ಎಂದರು. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.